ಚಿನ್ನದ ಮೂಲೆ, ಹುಣಸೆ ನೀರು

ನನ್ನ ಕೀಲಿಕೈ ಗೊಂಚಲಿನಲ್ಲಿ ಚಿನ್ನದ ಬಣ್ಣದ ಒಂದು ಸಣ್ಣ ಬಿಲ್ಲೆ ನೇತಾಡುತ್ತದೆ. ಗೋಡಂಬಿ ಬರ್ಫಿಯ ಆಕಾರ, ನಡುವೆ ತೂತು. ಮೊನ್ನೆ ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಚಿಲ್ಲರೆಗಾಗಿ ಚೀಲ ತಡಕಾಡುವಾಗ ಗೊಂಚಲು ಹೊರಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕಿಟಕಿಯಿಂದ ಕಣ್ಣು ತೆಗೆದು ಅದರ ಮೇಲೆ ನೆಟ್ಟರು.

“ಎಷ್ಟು ಗ್ರಾಮ್ ಉಂಟು?”

“ಚಿನ್ನ ಅಲ್ಲ ಮಾರಾಯ್ರೆ, ಇದು ಉಕ್ಕು ಕೊಯ್ಯುವ ಹಲ್ಲು.”

“ಉಕ್ಕು ಕೊಯ್ಲಿಕ್ಕೆ ಚಿನ್ನದ ನೀರು ಕೊಡುವುದಾ?”

ಚಿನ್ನದ ನೀರಲ್ಲ, ಅದು ಟೈಟೇನಿಯಂನ ಲೇಪನ ಎಂದು ನಾನು ಶುರುಮಾಡಿದೆ. ಪಾಠ ಮಾಡುವವರ ದೊಡ್ಡ ಚಟ ಇದು. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ಬೋರ್ಡು ಸಿಗದಿದ್ದರೆ ಬಸ್ಸಿನ ಸೀಟಿನ ಬೆನ್ನಿನ ಮೇಲೆ ಬೆರಳಿನಲ್ಲಿ ಚಿತ್ರ ಬಿಡಿಸುತ್ತೇವೆ. ಕಟಪಾಡಿ ಬರುವಾಗ ನಾನು ಲೇಪನದ ದಪ್ಪ ಕೂದಲಿಗಿಂತಲೂ ಎಷ್ಟೋ ಕಡಿಮೆ ಎಂಬಲ್ಲಿಗೆ ಬಂದಿದ್ದೆ. ಉದ್ಯಾವರ ದಾಟುವಷ್ಟರಲ್ಲಿ ಅವರು ಕಣ್ಣು ಮುಚ್ಚಿದ್ದರು. ಆದರೆ ಕಣ್ಣು ಮುಚ್ಚುವ ಮೊದಲು ತಮ್ಮ ಬಳೆಗಳನ್ನು ಸೆರಗಿನೊಳಗೆ ಸರಿಸಿಕೊಂಡದ್ದನ್ನು ನಾನು ಗಮನಿಸಿದೆ. ಚಿನ್ನವನ್ನು ಚಿನ್ನವಲ್ಲ ಎನ್ನುವವರನ್ನು ನಂಬಬಾರದು ಎಂದು ಅವರಿಗೆ ಅನಿಸಿರಬೇಕು.

ಅವರನ್ನು ದೂರುವ ಹಾಗಿಲ್ಲ. ಆ ಬಣ್ಣಕ್ಕೆ ನಾನೂ ಮರುಳಾದವಳೇ. ಆ ಕಥೆಯನ್ನು ಅವರಿಗೆ ಹೇಳಲು ಆಗಲಿಲ್ಲ, ಉಡುಪಿ ಬಂದುಬಿಟ್ಟಿತು. ನಿಮಗೆ ಹೇಳುತ್ತೇನೆ, ನಿಮಗೇನೂ ಇಳಿಯುವ ಅವಸರವಿಲ್ಲವಲ್ಲ.

ಅಂಚಿನ ಹುಚ್ಚು ನನಗೆ ಇಂದು ನಿನ್ನೆಯದಲ್ಲ. ಕಾಪುವಿನ ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ಅಮ್ಮ ಮೆಟ್ಟುಕತ್ತಿಯ ಮಣೆಯ ಮೇಲೆ ಕುಳಿತು ಮೀನು ಕೊಯ್ಯುವಾಗ ನಾನು ಎದುರು ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದೆ. ಬೆಕ್ಕಿನ ಕಣ್ಣು ಮೀನಿನ ಮೇಲೆ, ನನ್ನ ಕಣ್ಣು ಕತ್ತಿಯ ಮೇಲೆ. ಬಂಗುಡೆಯ ಹೊಟ್ಟೆ ಎಲ್ಲಿ ಸಲೀಸಾಗಿ ಸೀಳುತ್ತದೆ, ಎಲ್ಲಿ ಅಮ್ಮ ಇನ್ನೊಮ್ಮೆ ಒತ್ತಬೇಕಾಗುತ್ತದೆ ಎಂದು ನೋಡಿ ಕತ್ತಿ ಯಾವ ಜಾಗದಲ್ಲಿ ಮೊಂಡಾಗಿದೆ ಎಂದು ಹೇಳುತ್ತಿದ್ದೆ. ನಿಜ ಹೇಳಿದ್ದಕ್ಕೆ ಬೈಗುಳ ಸಿಗುತ್ತಿತ್ತು. ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬರುವವನ ಹಿಂದೆ ನಾನು ಹೋದದ್ದೆಷ್ಟು ದೂರವೋ. ಕಿಡಿ ಹಾರುವುದನ್ನು ನೋಡಲು ಹೋದವಳಿಗೆ ಫ್ರಾಕಿನಲ್ಲಿ ಸಾಸಿವೆ ಕಾಳಿನಂಥ ತೂತುಗಳು ಬಹುಮಾನ.

ನನ್ನ ಅಕ್ಕನಿಗೆ ಇದ್ದದ್ದು ಬೇರೆ ಹುಚ್ಚು, ತಿಕ್ಕುವ ಹುಚ್ಚು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇಷ್ಟು ಅವಳ ಕೈಗೆ ಸಿಕ್ಕಿದರೆ ಮನೆಯಲ್ಲಿ ಯಾವ ಲೋಹಕ್ಕೂ ಉಳಿಗಾಲವಿರಲಿಲ್ಲ. ದೀಪ, ಚೊಂಬು, ತಂಬಿಗೆ ಮುಗಿದ ಮೇಲೆ ಬಾಗಿಲಿನ ಚಿಲಕ, ಅದೂ ಮುಗಿದರೆ ನನ್ನ ಕಂಪಾಸು ಪೆಟ್ಟಿಗೆ. ಸ್ಟೀಲ್ ಲೋಟಗಳ ಮೇಲೆ ಅಪ್ಪ ಹೊಡೆಸಿದ್ದ ಅವರ ಹೆಸರಿನ ಅರ್ಧ ಅಕ್ಷರಗಳು ಅಕ್ಕನ ಕೈಯಲ್ಲೇ ಸವೆದುಹೋದದ್ದು. ಮದುವೆಯಾಗಿ ಅವಳು ಬೆಳ್ಮಣ್ಣಿಗೆ ಹೋದಾಗ ಅಪ್ಪ ಅತ್ತರು, ಲೋಟಗಳು ಸಮಾಧಾನಪಟ್ಟಿರಬೇಕು.

ಬೆಳ್ಮಣ್ಣಿನ ಬಾವನದು ಲೇತಿನ ಕೆಲಸ. ಮನೆಯ ಪಕ್ಕದಲ್ಲೇ ಶೆಡ್ಡು, ಅದರಲ್ಲಿ ಒಂದೇ ಒಂದು ದೊಡ್ಡ ಲೇತು. ಕಾರ್ಕಳದ ಸುತ್ತಿನ ಜಲ್ಲಿ ಕ್ರಷರುಗಳಿಗೆ ಬೇಕಾದ ಪಿನ್ನು, ಬುಶ್ಶು ಅವರಲ್ಲಿ ತಯಾರಾಗುತ್ತದೆ. ಅದು ಸಾದಾ ಕಬ್ಬಿಣವಲ್ಲ, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ ಉಕ್ಕು. ಅರ ಹಾಕಿ ಉಜ್ಜಿದರೆ ಅರವೇ ಜಾರಿಹೋಗುತ್ತದೆ. ಅಂಥದ್ದನ್ನು ತಿರುಗಿಸಿ ಅಳತೆಗೆ ಕೊಯ್ಯುವುದು ಈ ಬಿಲ್ಲೆಯಂಥ ಹಲ್ಲಿನಿಂದ. ಲೇತಿನವರು ಅದನ್ನು ‘ಟಿಪ್’ ಎನ್ನುತ್ತಾರೆ. ಕೊಯ್ಯುವಾಗ ಏಳುವ ಬಿಸಿಗೆ ಟಿಪ್ ಹಾಳಾಗಬಾರದೆಂದು ಮೇಲಿನಿಂದ ಹಾಲಿನಂತೆ ಬೆಳ್ಳಗಿನ ಕೂಲೆಂಟ್ ನೀರನ್ನು ಧಾರೆಯಾಗಿ ಬಿಡುತ್ತಾರೆ. ಬಾವನ ಕೈಗಳು ವರ್ಷಗಟ್ಟಲೆ ಆ ನೀರಿನಲ್ಲೇ ಇದ್ದವು.

ಆ ಕೈಗಳನ್ನು ನೀವು ನೋಡಬೇಕಿತ್ತು. ಬೆರಳ ಸಂದುಗಳಲ್ಲಿ ಒಡಕು, ಅಂಗೈಯಲ್ಲಿ ಕೆಂಪು, ಗೆಣ್ಣು ಮಡಚಿದರೆ ರಕ್ತ. ಸಂಜೆ ಅಕ್ಕ ಮುಲಾಮು ಹಚ್ಚಿ ಹಳೆಯ ಪಂಚೆಯ ತುಂಡು ಸುತ್ತುತ್ತಿದ್ದಳು. ಬೆಳಿಗ್ಗೆ ಬಾವ ಅದನ್ನು ಬಿಚ್ಚಿ ಮತ್ತೆ ಅದೇ ನೀರಿಗೆ ಕೈ ಹಾಕುತ್ತಿದ್ದರು. ಕೈಗವಸು ಹಾಕೋಣವೆಂದರೆ ತಿರುಗುವ ಲೇತಿನ ಎದುರು ಕೈಗವಸು ಅಪಾಯ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಮಣಿಪಾಲದಲ್ಲಿ ತೋರಿಸಿದ ಚರ್ಮದ ಡಾಕ್ಟರು ನೇರವಾಗಿ ಹೇಳಿದರು: ಈ ನೀರು ಬಿಡಬೇಕು, ಇಲ್ಲವೇ ಈ ಕೆಲಸ ಬಿಡಬೇಕು.

ಎಲ್ಲಕ್ಕಿಂತ ಬಾವನನ್ನು ಕುಗ್ಗಿಸಿದ್ದು ಚಮಚ. ಕುಚ್ಚಲಕ್ಕಿ ಅನ್ನಕ್ಕೆ ಬಿಸಿಬಿಸಿ ಮೀನಿನ ಸಾರು ಹಾಕಿ ಬೆರಳಲ್ಲಿ ಕಲಸಿದರೆ ಒಡಕಿನೊಳಗೆ ಮೆಣಸು ಇಳಿಯುತ್ತದೆ. ಒಮ್ಮೆ ನಾನು ಎದುರು ಕೂತಿದ್ದಾಗ ತುತ್ತು ಎತ್ತಿದವರು ಹಾಗೇ ಕೈ ಕೊಡವಿದರು.

“ಖಾರ ಆಯ್ತಾ?” ಎಂದಳು ಅಕ್ಕ.

“ಕೈಗೆ” ಎಂದರು ಬಾವ. ಬಾಯಿಗೆ ತುತ್ತು ಇನ್ನೂ ಮುಟ್ಟಿರಲಿಲ್ಲ.

ಮರುದಿನದಿಂದ ಅಕ್ಕ ಅವರ ಬಟ್ಟಲಿನ ಪಕ್ಕ ಚಮಚ ಇಟ್ಟಳು, ಮೀನಿನ ಮುಳ್ಳು ಬಿಡಿಸಿ ಕೊಟ್ಟಳು. ಊರ ಮದುವೆ ಊಟಗಳಿಗೆ ಹೋಗುವುದನ್ನು ಬಾವ ನಿಲ್ಲಿಸಿದರು. ಎಲೆಯ ಎದುರು ಕುಳಿತು ಚಮಚ ತೆಗೆಯುವುದು ಅವರಿಂದಾಗದು.

ಕೊನೆಗೆ ಒಂದು ದಿನ ಹೆಜಮಾಡಿಯವರೊಬ್ಬರು ಲೇತು ಕೊಳ್ಳುತ್ತೇನೆಂದು ಮುಂದೆ ಬಂದರು. ನಾನು ಬೆಳ್ಮಣ್ಣಿಗೆ ಓಡಿದೆ. ಓಡಿದೆ ಎಂದರೆ, ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸಿಗೆ ಕಾದೆ.

“ಲೇತು ಮಾರಿ ಬಾವ ಎಂತ ಮಾಡುವುದು?” ಎಂದೆ.

“ಎಂತ ಬೇಕಾದರೂ ಮಾಡಲಿ. ನಂಗೆ ಕೈ ಮುಖ್ಯ ಶಶಿ, ಲೇತು ಅಲ್ಲ” ಎಂದಳು ಅಕ್ಕ.

ಬಾವ ಶೆಡ್ಡಿಗೆ ಹೋಗಿ ನಿಂತಿದ್ದ ಲೇತನ್ನು ಸುಮ್ಮನೆ ಒರೆಸತೊಡಗಿದರು. ಆಗಲೇ ನಾನು ಹೇಳಿಬಿಟ್ಟೆ: “ನೀರಿಲ್ಲದೆ ಕೊಯ್ಯುವ ದಾರಿ ನಾನು ತೋರಿಸಿಕೊಡ್ತೇನೆ. ಸಂಕ್ರಾಂತಿವರೆಗೆ ಟೈಮ್ ಕೊಡಿ.”

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆಯ್ತು. ಸಂಕ್ರಾಂತಿಗೆ ಇವರ ಕೈ ಗುಣ ಆಗದಿದ್ದರೆ ಲೇತು ಹೆಜಮಾಡಿಗೆ. ಆಮೇಲೆ ನೀನು ಎಂತದೂ ಹೇಳ್ಲಿಕ್ಕಿಲ್ಲ.”

ಹೀಗೆ ಮಾತು ಕೊಡುವ ಧೈರ್ಯ ನನಗೆ ಎಲ್ಲಿಂದ ಬಂತೆಂದರೆ, ನನ್ನ ಸಂಶೋಧನೆಯ ವಿಷಯವೇ ಅದಾಗಿತ್ತು. ಮಣಿಪಾಲದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ, ತಲೆ ನರೆತ ಮೇಲೆ ಡಾಕ್ಟರೇಟಿಗೆ ಕೂತವಳು ನಾನು. ನನ್ನ ಗೈಡ್ ಪ್ರಾಯದಲ್ಲಿ ನನಗಿಂತ ಸಣ್ಣವರು. ಅವರು ನನಗೆ ‘ಮೇಡಂ’ ಎನ್ನುತ್ತಾರೆ, ನಾನು ಅವರಿಗೆ ‘ಸರ್’ ಎನ್ನುತ್ತೇನೆ, ಇಬ್ಬರಿಗೂ ಸಂಕೋಚ. ಗಟ್ಟಿ ಉಕ್ಕನ್ನು ಧಾರೆಗಟ್ಟಲೆ ನೀರಿನ ಬದಲು ಗಾಳಿಯಲ್ಲಿ ಬೆರೆಸಿದ ಚೂರೇ ಚೂರು ಎಣ್ಣೆಯ ಮಂಜಿನಲ್ಲಿ ಕೊಯ್ಯಬೇಕು. ಹಾಗೆ ಕೊಯ್ಯುವಾಗ ಯಾವ ಲೇಪನದ ಟಿಪ್ ಹೆಚ್ಚು ಕಾಲ ಬಾಳುತ್ತದೆ ಎಂದು ನೋಡಬೇಕು. ನನ್ನ ಮುಂದಿದ್ದದ್ದು ಎರಡು ಬಗೆ. ಒಂದು ಈ ಚಿನ್ನದ ಬಣ್ಣದ್ದು. ಇನ್ನೊಂದು ಟೈಟೇನಿಯಂ ಜೊತೆ ಅಲ್ಯುಮಿನಿಯಂ ಸೇರಿದ್ದು, ನೇರಳೆ ಹಣ್ಣಿನ ಕಪ್ಪು.

ಕಡಿಮೆ ಎಣ್ಣೆ ಎಂದ ಕೂಡಲೇ ಉಡುಪಿಯಲ್ಲಿ ಎಲ್ಲರೂ ದೋಸೆ ಕಾವಲಿಯ ಹೆಸರು ಹೇಳುತ್ತಾರೆ. ಕ್ಯಾಂಟೀನಿನವರೂ ಹೇಳಿದರು, ನಮ್ಮ ಪ್ರಾಂಶುಪಾಲರೂ ಹೇಳಿದರು, ಇಬ್ಬರೂ ತಾವೇ ಮೊದಲು ಕಂಡುಹಿಡಿದವರಂತೆ ನಕ್ಕರು. ಕಾವಲಿ ದೋಸೆಯನ್ನು ಕೊಯ್ಯುವುದಿಲ್ಲ ಎಂದು ನಾನು ಒಮ್ಮೆ ವಾದ ಮಾಡಿ ನೋಡಿದೆ. ಈಗ ಬಿಟ್ಟಿದ್ದೇನೆ.

ಎಣ್ಣೆಯೆಂದು ನಾನು ಆರಿಸಿಕೊಂಡದ್ದು ತೆಂಗಿನೆಣ್ಣೆ. ಚರ್ಮಕ್ಕೆ ಕೆಡುಕಿಲ್ಲ, ಬೆಳ್ಮಣ್ಣಿನಲ್ಲಿ ಬರವಿಲ್ಲ. ಮೊದಲ ಪ್ರಯೋಗ ಮಣಿಪಾಲದ ಲ್ಯಾಬಿನಲ್ಲಿ, ಇಬ್ಬರು ಸಹೋದ್ಯೋಗಿಗಳ ಎದುರು ಭರ್ಜರಿಯಾಗಿ ಶುರುವಾಯಿತು. ಗುಂಡಿ ಒತ್ತಿದೆ. ಗಾಳಿ ಬಂತು, ಮಂಜು ಬರಲಿಲ್ಲ. ನಳಿಕೆ ಬಿಚ್ಚಿ ನೋಡಿದರೆ ಒಳಗೆ ಬೆಳ್ಳಗಿನ ತುಪ್ಪ. ಲ್ಯಾಬಿನ ಏಸಿಯ ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿತ್ತು! ಕರಾವಳಿಯಲ್ಲೇ ಹುಟ್ಟಿ, ತಂಪು ಬೆಳಗಿನಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿ ತಲೆಗೆ ಹಚ್ಚಿಕೊಂಡು ಬೆಳೆದವಳಿಗೆ ಇದು ಹೊಳೆಯಲಿಲ್ಲ. ಏಸಿ ಆರಿಸುವ ಹಾಗಿರಲಿಲ್ಲ, ಅಲ್ಲಿ ಬೇರೆ ಸೂಕ್ಷ್ಮ ಯಂತ್ರಗಳಿದ್ದವು. ಗೈಡ್ ತಲೆ ಕೆರೆದುಕೊಂಡರು. ನಾನು ಬಾಟಲಿ, ನಳಿಕೆ, ಟಿಪ್‌ಗಳನ್ನೆಲ್ಲ ಚೀಲಕ್ಕೆ ತುಂಬಿ ಬೆಳ್ಮಣ್ಣಿನ ಶೆಡ್ಡಿಗೆ ಸಾಗಿಸಿದೆ. ಅಲ್ಲಿ ಸೆಕೆಗೆ ಎಣ್ಣೆಯೇನು, ನಾವೇ ಕರಗುತ್ತಿದ್ದೆವು.

ಕಾಲೇಜು ಮುಗಿಸಿ ಬಂದು, ರಜೆಯಲ್ಲಿ ಬಂದು, ಭಾನುವಾರ ಬಂದು ಕೊಯ್ದೆವು. ಲೇತಿನ ಹಿಡಿಕೆಗಳ ಹತ್ತಿರ ಬಾವ, ನಳಿಕೆಯ ಹತ್ತಿರ ನಾನು. ಶೆಡ್ಡಿನ ತುಂಬ ಬಾಳೆಕಾಯಿ ಚಿಪ್ಸ್ ಕರಿಯುವ ಪರಿಮಳ. ದಾರಿಯಲ್ಲಿ ಹೋಗುವವರು ಇಣುಕಿ ನೋಡಿ ಏನೂ ಸಿಗದೆ ಹೋಗುತ್ತಿದ್ದರು. ಪ್ರತಿ ಪಿನ್ನಿಗೆ ಟಿಪ್‌ನ ಒಂದು ಹೊಸ ಮೂಲೆ. ಕೊಯ್ದಾದ ಮೇಲೆ ಆ ಮೂಲೆಯ ಪಕ್ಕ ಮಾರ್ಕರಿನಲ್ಲಿ ಗುರುತು ಹಾಕಿ ತಟ್ಟೆಯಲ್ಲಿಡುವುದು. ಮಣಿಪಾಲಕ್ಕೆ ಒಯ್ದು ಸೂಕ್ಷ್ಮದರ್ಶಕದಲ್ಲಿ ಅಂಚಿನ ಸವೆತ ಅಳೆಯುವುದು, ವಾಪಸ್ ತರುವುದು.

ಚಿನ್ನವೇ ಗೆಲ್ಲುತ್ತಿತ್ತು. ಕಪ್ಪು ಟಿಪ್‌ಗಳ ಅಂಚಿನಲ್ಲಿ ಸವೆತದ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಚಿನ್ನದ್ದರಲ್ಲಿ ಅಂಚು ತುಂಬಿಕೊಂಡು ನಯವಾಗಿ ಮಿನುಗುತ್ತಿತ್ತು. ನನಗೆ ಖುಷಿಯೋ ಖುಷಿ. ನೋಡಲಿಕ್ಕೂ ಚಂದ, ಬಾಳಿಕೆಯೂ ಹೆಚ್ಚು ಎಂದರೆ ಯಾರಿಗೆ ಬೇಡ? ಒಂದೇ ತೊಡಕು, ಚಿನ್ನದ ಟಿಪ್‌ನಿಂದ ಕೊಯ್ದ ಪಿನ್ನಿನ ಮೈ ಒಮ್ಮೆ ನುಣುಪು, ಒಮ್ಮೆ ಗೀರು. “ಇದೆಂತ ಶಶಿ, ಇದಕ್ಕೆ ಮೂಡ್ ಬೇಕಾ?” ಎಂದು ಬಾವ ಕೇಳಿದರು. ಲೇತಿನ ಅದುರುವಿಕೆ ಇರಬೇಕು ಎಂದು ನಾನು ಸಮಜಾಯಿಷಿ ಕೊಟ್ಟೆ. ಬಾವನಿಗೆ ಲೇತನ್ನು ಅಂದದ್ದು ಹಿಡಿಸಲಿಲ್ಲ. ನವರಾತ್ರಿ ಕಳೆದ ಮೇಲೆ ಚಿನ್ನದ ಟಿಪ್‌ಗಳನ್ನೇ ತರಿಸಿ ಕೂಲೆಂಟ್ ತೊಟ್ಟಿಯನ್ನು ಬರಿದು ಮಾಡುವುದೆಂದು ತೀರ್ಮಾನವಾಯಿತು. ಅಲ್ಲಿವರೆಗೆ ಕ್ರಷರಿನ ಕೆಲಸ ಹಾಲು ನೀರಿನಲ್ಲೇ ನಡೆಯುತ್ತಿತ್ತು, ಕೈ ಹಾಗೇ ಇತ್ತು.

ಆಯುಧಪೂಜೆಯ ಬೆಳಿಗ್ಗೆ ಬೆಳ್ಮಣ್ಣಿಗೆ ಹೋದೆ. ಲೇತಿಗೆ ಚೆಂಡುಹೂವಿನ ಮಾಲೆ, ಗಂಧ, ಕುಂಕುಮ. ಅದರ ಎದುರು ರಂಗೋಲಿ, ನಡುವೆ ದೀಪ, ಬಾಳೆಲೆಯ ಮೇಲೆ ಸುತ್ತಿಗೆ, ಸ್ಪ್ಯಾನರು, ಅಕ್ಕನ ಮೆಟ್ಟುಕತ್ತಿ. ದೀಪದ ಸುತ್ತ ಹೂವಿನ ಎಸಳಿನಂತೆ ಜೋಡಿಸಿದ್ದು ನನ್ನ ಟಿಪ್‌ಗಳು. ಒಂದು ಸಾಲು ಚಿನ್ನ, ಒಂದು ಸಾಲು ಕಪ್ಪು, ಪ್ರತಿಯೊಂದರ ತೂತಿನಲ್ಲೂ ಕುಂಕುಮದ ಬೊಟ್ಟು. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೂ ಮಾರ್ಕರಿನ ಗುರುತಿರಲಿಲ್ಲ.

“ಅಕ್ಕಾ, ಇದು ಎಂತ ಮಾಡಿದ್ದು?”

“ದೇವರ ಎದುರು ಇಡುವುದು ಜಿಡ್ಡು ಹಿಡಿದು ಇರಬಾರದು ಅಲ್ವಾ? ನಿನ್ನೆ ದೀಪದೊಟ್ಟಿಗೆ ಹುಣಸೆ ನೀರಿಗೆ ಹಾಕಿ, ಇವತ್ತು ಬೂದಿಯಲ್ಲಿ ತಿಕ್ಕಿದೆ. ನೀನು ಇಷ್ಟು ದಿನ ಕೊಳಕು ಮಾಡಿ ಇಟ್ಟದ್ದು. ಈಗ ನೋಡು ಹೇಗುಂಟು!”

ಯಾವ ಅಳತೆ ಯಾವ ಮೂಲೆಯದೆಂದು ಇನ್ನು ತಾಳೆ ನೋಡುವ ಹಾಗಿರಲಿಲ್ಲ, ತಿಂಗಳುಗಳ ಕೆಲಸ ಹೀಗೆ ತೊಳೆದು ಹೋಗಿತ್ತು. ಬೈಯೋಣವೆಂದರೆ ಹಬ್ಬದ ದಿನ, ಅಕ್ಕನ ಮುಖದಲ್ಲಿ ಅಷ್ಟು ಸಂತೋಷ. ತೆಗೆದು ನೋಡೋಣವೆಂದರೆ ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ಪೂಜೆಯವರೆಗೆ ಮುಟ್ಟುವ ಹಾಗಿಲ್ಲ. ಬಾಳೆಲೆಯ ಎದುರು ಕೂತು ಅವಲಕ್ಕಿ ಕಡ್ಲೆ ತಿಂದೆ. ಸಂಶೋಧನೆಯ ದತ್ತಾಂಶವನ್ನು ದೇವರೇ ವಶಪಡಿಸಿಕೊಂಡ ಇನ್ನೊಂದು ಪ್ರಕರಣ ನಮ್ಮ ವಿಶ್ವವಿದ್ಯಾಲಯದಲ್ಲಿ ಇರಲಿಕ್ಕಿಲ್ಲ. ಬಾವ ಮಾತ್ರ ಮೆಲ್ಲಗೆ, “ಬೇಜಾರು ಮಾಡಬೇಡ ಶಶಿ. ಹೋದರೆ ಹೋಗಲಿ. ಹೆಜಮಾಡಿಯವರಿಗೆ ಹೇಳುವ” ಎಂದರು. ಅದು ನನಗೆ ಚುಚ್ಚಿತು. ಹೇಳುವುದು ಬೇಡ, ಸಂಕ್ರಾಂತಿಗೆ ಇನ್ನೂ ದಿನ ಉಂಟು ಎಂದೆ.

ಮರುದಿನ ಪೂಜೆ ಮುಗಿದದ್ದೇ ತಡ, ಭೂತಗನ್ನಡಿ ಹಿಡಿದು ಒಂದು ಚಿನ್ನದ ಟಿಪ್ ಎತ್ತಿದೆ. ಅಂಚು ಹಲ್ಲು ಮುರಿದ ಬಾಚಣಿಗೆಯಂತಿತ್ತು. ಇನ್ನೊಂದನ್ನು ತೆಗೆದರೆ ಅದೂ ಹಾಗೇ. ಅಕ್ಕ ತಿಕ್ಕಿ ಮುರಿದುಬಿಟ್ಟಳು ಎಂದುಕೊಂಡೆ. ಆಮೇಲೆ ಕಪ್ಪಿನದನ್ನು ನೋಡಿದೆ. ಸವೆತದ ಪಟ್ಟಿ ಮೊದಲಿನಂತೆಯೇ ಇತ್ತು, ಅಂಚು ನೇರವಾಗಿತ್ತು. ಅದೇ ಹುಣಸೆ, ಅದೇ ಬೂದಿ, ಅದೇ ಅಕ್ಕ. ಅವಳ ಕೈ ಚಿನ್ನವನ್ನು ಮಾತ್ರ ಮುರಿಯಲು ಸಾಧ್ಯವಿಲ್ಲ.

ಆಗ ತಲೆಗೆ ಹೋಯಿತು. ಕೊಯ್ಯುವ ಬಿಸಿಗೆ ಉಕ್ಕಿನದೇ ಒಂದು ತೆಳು ಪದರ ಚಿನ್ನದ ಟಿಪ್‌ನ ಅಂಚಿಗೆ ಅಂಟಿಕೊಂಡು, ಒಡೆದ ಜಾಗಗಳನ್ನೆಲ್ಲ ತುಂಬಿಕೊಂಡಿತ್ತು. ನಾನು ನಯವಾಗಿದೆ ಎಂದು ಮೆಚ್ಚಿದ್ದು ಟಿಪ್ಪನ್ನಲ್ಲ, ಅದಕ್ಕೆ ಮೆತ್ತಿದ ಉಕ್ಕನ್ನು. ಆ ಉಕ್ಕು ಆಗಾಗ ಕಿತ್ತುಹೋದಾಗ ಪಿನ್ನಿನ ಮೈಯಲ್ಲಿ ಗೀರು. ಹುಣಸೆಯ ಹುಳಿ ರಾತ್ರಿಯಿಡೀ ಅದನ್ನು ತಿಂದು ಸಡಿಲಿಸಿತ್ತು, ಬೂದಿ ಉಜ್ಜಿ ತೆಗೆದಿತ್ತು. ಅಳೆಯುವ ಮೊದಲು ಟಿಪ್ಪನ್ನು ಆಮ್ಲದಲ್ಲಿ ತೊಳೆಯಬೇಕೆಂದು ಪುಸ್ತಕದಲ್ಲೂ ಇದೆ. ನಾನು ಅದರ ಕೆಳಗೆ ಗೆರೆ ಎಳೆದಿದ್ದೆ ಕೂಡ. ಗೆರೆ ಎಳೆದದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಪ್ರಾಯ ಅದಲ್ಲವೆಂದು ಕಾಣುತ್ತದೆ.

ಅಕ್ಕನಿಗೆ ಹೇಳಿದೆ. ಅವಳು ಬೆರಗಾಗಲಿಲ್ಲ. “ತಿಕ್ಕದೆ ಎಂತದೂ ಗೊತ್ತಾಗುವುದಿಲ್ಲ” ಎಂದು ಚೊಂಬು ಹಿಡಿದು ಒಳಗೆ ಹೋದಳು.

ಮೊದಲಿನಿಂದ ಶುರುಮಾಡಿದೆ. ಗುರುತಿಲ್ಲದ ಟಿಪ್‌ಗಳಿಂದ ಸಂಶೋಧನೆಗೆ ಉಪಯೋಗವಿಲ್ಲ, ಎಲ್ಲವನ್ನೂ ಹೊಸ ಮೂಲೆಗಳಲ್ಲಿ ಮತ್ತೆ ಕೊಯ್ಯಬೇಕು. ಈ ಸಲ ಒಂದೊಂದು ಟಿಪ್ಪಿಗೂ ಒಂದೊಂದು ಕುಂಕುಮದ ಡಬ್ಬಿ, ಗುರುತನ್ನು ಡಬ್ಬಿಯ ಮೇಲೆ ಮೊಳೆಯಿಂದ ಗೀಚಿದೆ. ಲ್ಯಾಬಿನಲ್ಲಿ ಸರಿಯಾದ ಆಮ್ಲದಲ್ಲೇ ತೊಳೆದು ಅಳೆದೆ. “ತೊಳೆದು ನೋಡುವ ಯೋಚನೆ ಹೇಗೆ ಬಂತು ಮೇಡಂ?” ಎಂದು ಗೈಡ್ ಕೇಳಿದರು. “ಮನೆಯಲ್ಲಿ ಅಭ್ಯಾಸ ಉಂಟು ಸರ್” ಎಂದೆ. ಚಿನ್ನ ಪ್ರತಿ ಸಲವೂ ಸೋತಿತು. ಆ ಬಿಸಿ ಅದಕ್ಕೆ ಹೆಚ್ಚಾಗಿತ್ತು. ಕಪ್ಪಿನದರಲ್ಲಿರುವ ಅಲ್ಯುಮಿನಿಯಂ ಬಿಸಿಯಾದಂತೆ ಮೇಲೊಂದು ರಕ್ಷೆ ಕಟ್ಟಿಕೊಳ್ಳುತ್ತದೆ. ಅದು ಮೆಲ್ಲಗೆ ಸವೆದರೂ ಮುರಿಯಲಿಲ್ಲ.

ಬಾವ ಒಂದು ಬೆಳಿಗ್ಗೆ ಕೂಲೆಂಟ್ ಪಂಪಿನ ಪ್ಲಗ್ಗು ಕಿತ್ತರು. ತೊಟ್ಟಿ ಬರಿದಾಯಿತು. ಅಕ್ಕ ಅದನ್ನೂ ತಿಕ್ಕಿ ಬೋರಲು ಹಾಕಿದಳು. ಕಪ್ಪು ಟಿಪ್ ಹಾಕಿ, ಮಂಜು ಬಿಟ್ಟು, ಕ್ರಷರಿನ ನಿಜವಾದ ಪಿನ್ನು ಕೊಯ್ಯತೊಡಗಿದರೆ ಬಾವನ ಎಡಗೈ ತನ್ನಷ್ಟಕ್ಕೇ ಇಲ್ಲದ ನೀರಿನ ನಲ್ಲಿಯನ್ನು ಹುಡುಕುತ್ತಿತ್ತು. ಪಿನ್ನಿನಿಂದ ಸುಲಿದ ಉಕ್ಕಿನ ಸುರುಳಿ ಕೆಂಡದ ಬಣ್ಣದಲ್ಲಿ ಹೊರಬರುವುದನ್ನು ಕಂಡು ಅವರು ಗಾಬರಿಯಾದರು. “ಪಿನ್ನು ಸುಟ್ಟುಹೋಗ್ತದೆ ಮಾರಾಯ್ತಿ, ನಿಲ್ಲಿಸುವ!” ನಿಲ್ಲಿಸಬೇಡಿ ಎಂದೆ. ಕೊಯ್ದು ಮುಗಿದು ಲೇತು ನಿಂತ ಮೇಲೆ ಅವರ ಬೆರಳನ್ನು ನಾನೇ ಹಿಡಿದು ಪಿನ್ನಿಗೆ ಮುಟ್ಟಿಸಿದೆ. ಬಿಸಿಯನ್ನೆಲ್ಲ ಸುರುಳಿಯೇ ಹೊತ್ತುಕೊಂಡು ಹೋಗಿತ್ತು, ಪಿನ್ನು ಬರೀ ಬೆಚ್ಚಗಿತ್ತು. ಬಾವ ಆ ಪಿನ್ನನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಕೆಲಸವೇನೋ ನಡೆಯಿತು. ಆದರೆ ಅಕ್ಕನ ಷರತ್ತು ಪಿನ್ನಿನದ್ದಲ್ಲ, ಕೈಯದ್ದು. ಚರ್ಮ ಗುಣವಾಗುವುದನ್ನು ಯಾವ ಸೂಕ್ಷ್ಮದರ್ಶಕವೂ ಅವಸರ ಮಾಡಿಸಲಾರದು. ದೀಪಾವಳಿ ಹೋಯಿತು, ಲಕ್ಷದೀಪೋತ್ಸವ ಹೋಯಿತು. ನಾನು ಹೋದಾಗಲೆಲ್ಲ ಬಾವನ ಕೈ ನೋಡುತ್ತಿದ್ದೆ, ಬಾವ ಕೈಯನ್ನು ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಊಟಕ್ಕೆ ಚಮಚ ಬರುತ್ತಲೇ ಇತ್ತು.

ಸಂಕ್ರಾಂತಿ ಕಳೆಯಿತು. ಹೆಜಮಾಡಿಯವರು ಆ ಭಾನುವಾರ ಮಧ್ಯಾಹ್ನದ ಮೇಲೆ ಟೆಂಪೋ ತರುತ್ತೇನೆ ಎಂದು ಹೇಳಿ ಕಳಿಸಿದ್ದರು. ನಾನು ಬೆಳಿಗ್ಗೆಯೇ ಹೋಗಿ ಕೂತೆ. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆಯ ಕೆಂಪು ಸಾರು. ಅಕ್ಕ ಬೇಕೆಂದೇ ಸಾರನ್ನು ಹಬೆಯಾಡುವಾಗಲೇ ಬಡಿಸಿದಳು. ಬಾವನ ಬಟ್ಟಲಿಗೆ ಮುಳ್ಳು ತೆಗೆಯದ ಇಡೀ ಮೀನು ಹಾಕಿ, ಪಕ್ಕದಲ್ಲಿ ಚಮಚವನ್ನೂ ಇಟ್ಟು, ಎದುರು ಕುಳಿತಳು. ಅದು ಪರೀಕ್ಷೆ ಎಂದು ಮೂವರಿಗೂ ಗೊತ್ತಿತ್ತು.

ಬಾವ ಚಮಚವನ್ನು ನೋಡಿದರು. ಎತ್ತಿ ನನ್ನ ಕಡೆ ಸರಿಸಿದರು. ಐದೂ ಬೆರಳು ಸಾರಿಗಿಳಿಸಿ ಅನ್ನ ಕಲಸಿದರು, ನಿಧಾನವಾಗಿ, ತಳದವರೆಗೆ. ಮುಳ್ಳು ಬಿಡಿಸಿದರು. ಮೊದಲ ತುತ್ತು ಬಾಯಿಗೆ ಹೋಯಿತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂತು.

ಅಕ್ಕ ಸೌಟನ್ನು ಕೆಳಗಿಟ್ಟಳು. “ಖಾರ ಆಯ್ತಾ?”

“ಹೌದು.”

“ಎಲ್ಲಿಗೆ?”

“ಬಾಯಿಗೆ ಮಾರಾಯ್ತಿ, ಬಾಯಿಗೆ!”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಕಿಟಕಿಯ ಮೇಲಿದ್ದ ಫೋನು ತೆಗೆದು ಹೆಜಮಾಡಿಗೆ ಕರೆ ಮಾಡಿದಳು.

“ಲೇತು ಕೊಡ್ಲಿಕ್ಕಿಲ್ಲ ಮಾರಾಯ್ರೆ. ಟೆಂಪೋ ಬೇಡ. ಬರುವುದಾದರೆ ಊಟಕ್ಕೆ ಬನ್ನಿ, ಬಂಗುಡೆ ಉಂಟು.”